ಹಾರದಂತಹ ಒಂದು ಸಂಖ್ಯೆ

೧೨೩೪೫೬೫೪೩೨೧. ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಅಂಕಿಗಳು ಒಂದೇ ಕ್ರಮದಲ್ಲಿ ಬರುವುವು. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಇದನ್ನು ಹೇಳಬೇಕು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆಯಿದೆ. ನಮ್ಮ ಮಡಕಶಿರಾ ಸೀಮೆಯ ಹೇಮಾವತಿಯು ಹೆಂಜೇರೆಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿ ಮೆರೆದುದೂ ಆ ಯುಗದಲ್ಲಿಯೇ. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ ಆಚಾರ್ಯನು, ಗುಣಾಕಾರದ ಪ್ರಕರಣದಲ್ಲಿ ಹಾರದಂತೆ ಅಂಕಿಗಳು ಜೋಡಣೆಗೊಳ್ಳುವ ಲೆಕ್ಕಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲೊಂದು:

೨೭೯೯೪೬೮೧ × ೪೪೧ = ೧೨೩೪೫೬೫೪೩೨೧

ಇದು ಆಕಸ್ಮಿಕವೇ? ಅಲ್ಲ. ೧೧೧೧೧೧ನ್ನು ಅದರಿಂದಲೇ ಗುಣಿಸಿ ನೋಡಿರಿ. ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತ ೧೧೧೧೧೧ರ ಆರು ಸಾಲುಗಳು ಬರುವುವು. ಬಲದ ಕೊನೆಯ ಕಂಬಸಾಲಿನಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆ ನಡುವೆ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವುದು. ಯಾವ ಮೊತ್ತವೂ ಹತ್ತನ್ನು ಮುಟ್ಟದುದರಿಂದ ದಶಕವನ್ನು ಒಯ್ಯಬೇಕಾದುದಿಲ್ಲ. ಆದುದರಿಂದ ಹಾರವು ಕೆಡದೆ ಉಳಿಯುವುದು.

ಇನ್ನು ೧೧೧೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭. ಮೊದಲೆರಡರ ಗುಣಲಬ್ಧ ೨೧, ಅದರ ವರ್ಗ ೪೪೧. ಉಳಿದ ಮೂರರ ಗುಣಲಬ್ಧ ೫೨೯೧, ಅದರ ವರ್ಗ ೨೭೯೯೪೬೮೧. ಆಚಾರ್ಯನ ಎರಡು ಸಂಖ್ಯೆಗಳೂ ವರ್ಗಗಳೇ ಆದುವು! ಅಂಕಿಗಳನ್ನೆಲ್ಲ ಕೂಡಿದರೆ ೩೬. ಅದೂ ಆರರ ವರ್ಗ. ೩೬ನ್ನು ಒಂಬತ್ತು ಭಾಗಿಸುವುದರಿಂದ ಇಡೀ ಸಂಖ್ಯೆಯನ್ನೂ ಒಂಬತ್ತು ನಿಶ್ಶೇಷವಾಗಿ ಭಾಗಿಸುವುದು.

ಒಂದುಗಳನ್ನು ಹೆಚ್ಚಿಸುತ್ತ ಹೋದರೆ? ಒಂಬತ್ತು ಒಂದುಗಳವರೆಗೆ ಹಾರವು ಉಳಿಯುವುದು: ೧೨೩೪೫೬೭೮೯೮೭೬೫೪೩೨೧. ಹತ್ತು ಒಂದುಗಳಾದೊಡನೆ ನಡುವಣ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ಸಾಗಿ, ೧೨೩೪೫೬೭೯೦೦೯೮೭೬೫೪೩೨೧ ಆಗುವುದು. ವಿದ್ಯಾರ್ಥಿಗಳು ಇದನ್ನು ಸ್ವತಃ ಮಾಡಿ ಪರೀಕ್ಷಿಸಬೇಕು.

ಗಡಿನಾಡಿನಲ್ಲಿ ಕನ್ನಡದಲ್ಲಿ ಗಣಿತ ಕಲಿತ ಮಕ್ಕಳಿಗೆ ಮುಂದಣ ತರಗತಿಗಳಲ್ಲಿ ತೊಡಕಾಗದೆ ಎಂದು ರಾಯದುರ್ಗದಲ್ಲಿಯೂ ಮಡಕಶಿರಾದಲ್ಲಿಯೂ ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಶಂಕೆ ಸಹಜವಾದುದೇ. ಪಾರಿಭಾಷಿಕ ಪದಗಳನ್ನು ಹೊಸದಾಗಿ ಕಲಿಯಬೇಕಾದೀತು. ಅದಕ್ಕೆ ಶ್ರಮವೂ ಬೇಕು. ಆದರೆ ಒಂಬತ್ತರವರೆಗೆ ಉಳಿದ ಹಾರ ಹತ್ತಕ್ಕೆ ಏಕೆ ಮುರಿಯಿತೆಂಬುದನ್ನು ಮನೆಮಾತಿನಲ್ಲಿ ಅರಿತ ಮಗು ಆ ಅರಿವನ್ನು ಯಾವ ಭಾಷೆಗಾದರೂ ಒಯ್ಯಬಲ್ಲುದು. ಉತ್ತರವನ್ನು ಮಾತ್ರ ಕಂಠಪಾಠ ಮಾಡಿದ ಮಗುವಾದರೋ ಯಾವ ಭಾಷೆಯಲ್ಲಿಯೂ ಎಡವುವುದು. ಆದುದರಿಂದ ಪೋಷಕರೇ, ಸಂಜೆ ಮನೆಯಲ್ಲಿ ಮಗುವನ್ನು “ಉತ್ತರವೆಷ್ಟು?” ಎಂದು ಕೇಳಿದ ಮೇಲೆ “ಏಕೆ?” ಎಂದೂ ಕೇಳಿರಿ.