‘ನಾನು ಅಲ್ಲಿರಲಿಲ್ಲ’ – ಈ ಮಾತನ್ನು ತೂಗುವುದು ಹೇಗೆ?

ಕೊಲೆಯ ಆರೋಪ ಹೊತ್ತವನೊಬ್ಬ ‘ಆ ಹೊತ್ತಿನಲ್ಲಿ ನಾನು ಬೇರೆ ಕಡೆ ಇದ್ದೆ’ ಎನ್ನುತ್ತಾನೆ. ನ್ಯಾಯಾಲಯದ ಭಾಷೆಯಲ್ಲಿ ಇದಕ್ಕೆ ‘ಆಲಿಬೈ’ ಎಂದು ಹೆಸರು. ಲ್ಯಾಟಿನ್ ಮೂಲದ ಈ ಪದಕ್ಕೆ ‘ಬೇರೊಂದೆಡೆ’ ಎಂದಷ್ಟೇ ಅರ್ಥ. ನಿಜ ಹೇಳಿದವನನ್ನು ನಂಬದಿದ್ದರೆ ನಿರಪರಾಧಿ ಜೈಲು ಸೇರುತ್ತಾನೆ. ಸುಳ್ಳು ಹೇಳಿದವನನ್ನು ನಂಬಿದರೆ ಕೊಲೆಗಾರ ತಪ್ಪಿಸಿಕೊಳ್ಳುತ್ತಾನೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರವರಿಯಲ್ಲಿ ಸಂತ ಸೇವಾಲಾಲರ ಜಯಂತಿ ನಡೆಯುತ್ತದೆ. ಹೊರ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಅಲ್ಲಿ ಮಂಡಕ್ಕಿ ಅಂಗಡಿ ಹಾಕಿದ್ದ ವ್ಯಾಪಾರಿಯೊಬ್ಬನ ಮೇಲೆ, ಅದೇ ರಾತ್ರಿ 10 ಗಂಟೆಗೆ ಹೊನ್ನಾಳಿಯಲ್ಲಾದ ಕೊಲೆಯ ಆರೋಪ ಬಂದಿದೆ ಎಂದಿಟ್ಟುಕೊಳ್ಳಿ. ‘ಜಾತ್ರೆಯಲ್ಲೇ ಇದ್ದ, ನಾವು ನೋಡಿದ್ದೇವೆ’ ಎಂದು ಹತ್ತು ಮಂದಿ ಹೇಳುತ್ತಾರೆ. ಇಷ್ಟು ಸಾಕೇ? ಸಾಲದು. ಎಷ್ಟು ಗಂಟೆಗೆ ನೋಡಿದರು ಎಂದು ಕೇಳಬೇಕು. 8 ಗಂಟೆಗೆ ಎಂದರೆ, ಉಳಿದ ಎರಡು ಗಂಟೆಗಳಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಹೊನ್ನಾಳಿ ಸೇರಬಹುದು. ಅದೇ ಕೊಲೆ ಬೀದರಿನಲ್ಲಿ ಆಗಿದ್ದರೆ 8 ಗಂಟೆಯ ಸಾಕ್ಷ್ಯವೇ ಅವನನ್ನು ಉಳಿಸುತ್ತಿತ್ತು. ತೂಗಬೇಕಾದದ್ದು ಸಾಕ್ಷಿಗಳ ಸಂಖ್ಯೆಯನ್ನಲ್ಲ. ದೂರ ಮತ್ತು ವೇಳೆಯನ್ನು.

1981ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಶ್ನೆ ಬಂದಿತ್ತು. ಅಲಹಾಬಾದಿನಲ್ಲಿ ಬೆಳಿಗ್ಗೆ 9 ಗಂಟೆಗೆ ಕೊಲೆ. ಆರೋಪಿ 8.30ಕ್ಕೆ ಹತ್ತಿರದ ನೈನಿಯ ಕಾರ್ಖಾನೆಯಲ್ಲಿದ್ದನೆಂದು ಅವನ ಸಾಕ್ಷಿಗಳು ಹೇಳಿದರು. ಆದರೆ ಕೆಲಸಗಾರರು ಒಳಬರುವಾಗ ಮಾತ್ರ ಕಾರ್ಡಿಗೆ ಮುದ್ರೆ ಒತ್ತಬೇಕಿತ್ತು, ಹೊರಹೋಗುವಾಗ ಬೇಕಿರಲಿಲ್ಲ. ದೂರವೂ ಅಲ್ಪ. ಎರಡೂ ಕಡೆ ಇರುವುದು ಸಾಧ್ಯವಿತ್ತೆಂದು ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಆರೋಪಿಯ ಪರ ಸಾಕ್ಷಿಗಳನ್ನೂ ಸರ್ಕಾರದ ಸಾಕ್ಷಿಗಳಷ್ಟೇ ಸಮನಾಗಿ ಕಾಣಬೇಕೆಂದೂ ಅದೇ ತೀರ್ಪು ಹೇಳಿತು.

ಇಂದು ಮೊಬೈಲ್ ಟವರಿನ ದಾಖಲೆ ನೆರವಿಗೆ ಬರುತ್ತದೆ. ಆದರೆ ಅದು ತಿಳಿಸುವುದು ಫೋನು ಯಾವ ಪ್ರದೇಶದಲ್ಲಿತ್ತು ಎಂಬುದನ್ನು. ಅದು ಯಾರ ಕೈಯಲ್ಲಿತ್ತು ಎಂಬುದನ್ನು ಬೇರೆ ಸಾಕ್ಷ್ಯದಿಂದಲೇ ಅರಿಯಬೇಕು.

‘ಬೇರೆ ಕಡೆ ಇದ್ದೆ’ ಎಂದವನೇ ಅದನ್ನು ರುಜುವಾತುಪಡಿಸಬೇಕು. 1872ರ ಸಾಕ್ಷ್ಯ ಅಧಿನಿಯಮದ 103ನೆಯ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 106ನೆಯ ಕಲಮಿನಲ್ಲಿ ಮುಂದುವರಿದಿದೆ. ಆದರೆ ಆರೋಪಿ ಕೊಲೆಯ ಜಾಗದಲ್ಲಿದ್ದನೆಂದು ಮೊದಲು ತೋರಿಸಬೇಕಾದದ್ದು ಸರ್ಕಾರದ ಹೊಣೆ. ಆರೋಪಿಯ ವಾದ ಬಿದ್ದುಹೋದ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ.

ನಮ್ಮ ಮಂಡಕ್ಕಿ ವ್ಯಾಪಾರಿ ಆ ರಾತ್ರಿ ಎಲ್ಲಿದ್ದನೆಂದು ಹೇಳಲು ಅಂಜಿ ಸುಳ್ಳಾಡಿರಬಹುದು. ಸುಳ್ಳು ಹೇಳಿದವನೆಲ್ಲ ಕೊಲೆಗಾರನಲ್ಲ. ಊರ ಕಟ್ಟೆಯಲ್ಲಿ ಕುಳಿತು ತೀರ್ಪು ಕೊಡುವ ಮೊದಲು ನಾವು ನೆನೆಯಬೇಕಾದ ಮಾತಿದು.