ನಡುಗುವ ಹತ್ಯಾರು, ಬಿಳುಚುವ ಬೆರಳು

ಅಮೆರಿಕದ ಇಂಡಿಯಾನಾ ಸಂಸ್ಥಾನದ ಬೆಡ್‌ಫರ್ಡ್ ಪಟ್ಟಣವು ಸುಣ್ಣಕಲ್ಲಿನ ಗಣಿಗಳಿಗೆ ಹೆಸರಾದುದು. ಅಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಗಳನ್ನು ಹಿಡಿದು ಕಲ್ಲು ಕೆತ್ತುತ್ತಿದ್ದವರನ್ನು 1918ರಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಪರೀಕ್ಷಿಸಿದರು. ಚಳಿಯಲ್ಲಿ ಅವರಲ್ಲಿ ಬಹುಮಂದಿಯ ಬೆರಳುಗಳು ಸುಣ್ಣ ಬಳಿದಂತೆ ಬಿಳುಚಿ ಮರಗಟ್ಟುತ್ತಿದ್ದವು. ಉಳಿ ಹಿಡಿಯುವ ಎಡಗೈಗೇ ಬಾಧೆ ಹೆಚ್ಚು. ಕಂಪನ, ಚಳಿ, ಬಿಗಿಹಿಡಿತ, ಈ ಮೂರೂ ಸೇರಿ ರೋಗ ತರುತ್ತವೆಂದು ಅವರು ವರದಿ ಮಾಡಿದರು. ಅರುವತ್ತು ವರ್ಷಗಳ ತರುವಾಯ, 1978ರಲ್ಲಿ, ಸಂಶೋಧಕರು ಅದೇ ಊರಿಗೆ ಹೋಗಿ ನೋಡಿದರು. ಅಂಥವೇ ಸುತ್ತಿಗೆಗಳು, ನೂರರಲ್ಲಿ ಸುಮಾರು 80 ಮಂದಿಗೆ ಅದೇ ರೋಗ!

ವರ್ಷಗಟ್ಟಲೆ ಕಂಪನಕ್ಕೊಳಗಾದ ಬೆರಳಿನ ಸಣ್ಣ ರಕ್ತನಾಳಗಳು ಚಳಿ ತಗುಲಿದೊಡನೆ ಕುಗ್ಗುತ್ತವೆ, ನರಗಳೂ ಕೆಡುತ್ತವೆ. ಬರಬರುತ್ತ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ನೆಲಕ್ಕೆ ಬಿದ್ದ ನಾಣ್ಯವನ್ನು ಎತ್ತಿಕೊಳ್ಳುವುದೂ ಕಷ್ಟವಾಗುತ್ತದೆ. ಆರಂಭದಲ್ಲಿಯೇ ಕಂಪನವನ್ನು ತಪ್ಪಿಸಿದರೆ ಚೇತರಿಕೆಯುಂಟು. ಬಲಿತ ಮೇಲೆ, ಕಳೆದುಹೋದ ಸ್ಪರ್ಶಜ್ಞಾನವನ್ನು ಮರಳಿ ತರುವ ಔಷಧಿಯಿಲ್ಲ. ಆದುದರಿಂದ ಚಿಕಿತ್ಸೆಯು ಕೈಗಿಂತ ಮೊದಲು ಹತ್ಯಾರಿಗೆ ಸಲ್ಲಬೇಕು.

ಗಾಳಿಯ ಸುತ್ತಿಗೆಯಲ್ಲಿ ಸಂಕುಚಿತ ವಾಯುವು ಪಿಸ್ಟನ್ನನ್ನು ಮುಂದಕ್ಕೆ ತಳ್ಳುವಾಗ ಅಷ್ಟೇ ಬಲದಿಂದ ಹೊರಕವಚವನ್ನು ಹಿಂದಕ್ಕೆ ಒದೆಯುತ್ತದೆ. ಹಿಡಿಯು ಕವಚಕ್ಕೆ ಭದ್ರವಾಗಿ ಬೆಸೆದುಕೊಂಡಿದ್ದರೆ ಆ ಒದೆತವೆಲ್ಲ ಅಂಗೈಗೆ. ಇವೆರಡರ ನಡುವೆ ಸ್ಪ್ರಿಂಗನ್ನೋ ಗಾಳಿಯ ಮೆತ್ತೆಯನ್ನೋ ಇರಿಸಿದರೆ ಹಿಡಿಗೆ ತಲಪುವ ನಡುಕ ಬಹಳಷ್ಟು ತಗ್ಗುತ್ತದೆ. ಗ್ರೈಂಡರಿನ ದೋಷ ಬೇರೆ: ಚಕ್ರದ ತೂಕ ಎಲ್ಲ ಕಡೆಗೂ ಸಮನಾಗಿರುವುದಿಲ್ಲ. ಉಂಗುರದೊಳಗೆ ಉರುಳುವ ಉಕ್ಕಿನ ಗುಂಡುಗಳು ತಾವಾಗಿಯೇ ಹಗುರವಾದ ಕಡೆಗೆ ಸರಿದು ಅದನ್ನು ಸರಿದೂಗಿಸುವ ಏರ್ಪಾಡುಂಟು. ಹೊರಬರುವ ತಣ್ಣನೆಯ ಗಾಳಿಯನ್ನು ಬೆರಳುಗಳಿಂದಾಚೆಗೆ ತಿರುಗಿಸುವುದೂ, ಬಿಗಿಯಾಗಿ ಹಿಡಿಯಬೇಕಾಗದಂತೆ ಹಿಡಿಯನ್ನು ರೂಪಿಸುವುದೂ ಅಷ್ಟೇ ಮುಖ್ಯ.

ಯುರೋಪಿನ ಒಕ್ಕೂಟವು 2002ರ ನಿರ್ದೇಶನದಲ್ಲಿ 8 ಗಂಟೆಯ ದುಡಿಮೆಗೆ ಕಂಪನದ ಪರಮಾವಧಿಯನ್ನು ಸೆಕೆಂಡಿನ ವರ್ಗಕ್ಕೆ 5 ಮೀಟರ್ ಎಂದು ವಿಧಿಸಿತು, 2.5 ಮೀಟರ್ ದಾಟಿದೊಡನೆ ಮಾಲೀಕನು ಕಂಪನವನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕು. ಕಂಪನ ಇಮ್ಮಡಿಯಾದರೆ ದುಡಿಯಬಹುದಾದ ಅವಧಿ ಕಾಲುಭಾಗಕ್ಕಿಳಿಯುತ್ತದೆ: 10 ಮೀಟರಿನ ಹತ್ಯಾರನ್ನು ದಿನಕ್ಕೆ 2 ಗಂಟೆ ಮಾತ್ರ ಹಿಡಿಯಬಹುದು. ಅಂದರೆ ಕಂಪನವನ್ನು ಅರ್ಧಕ್ಕಿಳಿಸಿದ ಹತ್ಯಾರಿನಿಂದ ನಾಲ್ಕರಷ್ಟು ಹೊತ್ತು ಕೆಲಸ ಸಾಧ್ಯ. ಇದು ಮಾಲೀಕನಿಗೂ ಲಾಭದ ಲೆಕ್ಕವೇ.

ಮುಂಬಯಿ, ಚೆನ್ನೈಗಳಂಥ ಸೆಕೆಯ ಊರುಗಳಲ್ಲಿ ಫೌಂಡ್ರಿಯಲ್ಲಿಯೋ ರಸ್ತೆ ಅಗೆಯುವ ಕೆಲಸದಲ್ಲಿಯೋ ಇರುವವರು ಒಂದು ಮಾತನ್ನು ನೆನಪಿಡಬೇಕು. ಚಳಿಯಿಲ್ಲದೆಡೆ ಬೆರಳು ಬಿಳುಚುವುದು ವಿರಳ. ಜುಮ್ಮೆನ್ನುವುದು, ಜೋಮು ಹಿಡಿಯುವುದೇ ಅಲ್ಲಿ ಮುನ್ಸೂಚನೆ. ಕೈಗವಸು ಕೈಯನ್ನು ಬೆಚ್ಚಗಿಡುತ್ತದೆಯೇ ಹೊರತು ಸುತ್ತಿಗೆಯ ನಡುಕವನ್ನು ಹೆಚ್ಚೇನೂ ತಡೆಯದು. ಉಳಿ ಹರಿತವಾಗಿರಲಿ, ಹಿಡಿತ ಸಡಿಲವಾಗಿರಲಿ, ನಡುನಡುವೆ ಕೈಗೆ ಬಿಡುವಿರಲಿ. ವೈದ್ಯರ ಬಳಿಗೆ ಹೋದಾಗ ನೋವನ್ನಷ್ಟೇ ಹೇಳಿದರೆ ಸಾಲದು. ಯಾವ ಹತ್ಯಾರು, ದಿನಕ್ಕೆಷ್ಟು ಹೊತ್ತು, ಎಷ್ಟು ವರ್ಷಗಳಿಂದ ಎಂಬುದನ್ನೂ ತಪ್ಪದೆ ತಿಳಿಸಬೇಕು.