ಒಂದೇ ಬುಟ್ಟಿ, ಇಬ್ಬರು ಗಿರಾಕಿ

ಊರಿನ ಹೆಸರಲ್ಲೇ ಸಂತೆ ಇರುವ ಸಂತೇಬೆನ್ನೂರಿನ ಅಕ್ಕಂದಿರಿಗೆ ತರಕಾರಿ ಮಾರುವುದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಈಗ ಸಂತೆಯ ಜೊತೆ ಮೊಬೈಲೂ ಒಂದು ಅಂಗಡಿ. ನಾಲ್ಕೈದು ಮನೆಯವರು ಸೇರಿ ಹಿತ್ತಲಿನ ಸೊಪ್ಪು, ಬದನೆ, ಬೆಂಡೆಯನ್ನು ವಾಟ್ಸಾಪ್‌ನಲ್ಲಿ ದಾವಣಗೆರೆಯ ಮನೆಗಳಿಗೆ ಮಾರಬಹುದೇ? ಖಂಡಿತ ಮಾರಬಹುದು. ಒಂದೇ ಬುಟ್ಟಿಯನ್ನು ಇಬ್ಬರಿಗೆ ಒಪ್ಪಿಕೊಂಡಾಗ ಮಾತ್ರ ತೊಡಕು.

ಹಾಲಿಗೆ ಈ ತೊಡಕಿಲ್ಲ. ನಿಮ್ಮ ಹಾಲು, ಪಕ್ಕದ ಮನೆಯ ಹಾಲು ಬಲ್ಕ್ ಕೂಲರಿನಲ್ಲಿ ಒಂದಾಗಿ 4 ಡಿಗ್ರಿಗೆ ತಣಿಯುತ್ತದೆ. ಆಮೇಲೆ ಆ ನಂದಿನಿ ಪ್ಯಾಕೆಟ್ಟು ಬೂತಿಗಾದರೂ ಹೋಗಲಿ, ಆ್ಯಪ್‌ನಿಂದಾದರೂ ಮನೆ ಸೇರಲಿ, ಹಾಲು ಅದೇ. ತರಕಾರಿ ಹಾಗಲ್ಲ, ಒಂದು ಹುಳುಕು ಬದನೆ ಇಡೀ ಬುಟ್ಟಿಯ ಹೆಸರು ಕೆಡಿಸುತ್ತದೆ. ಆದರೂ ಸಹಕಾರಿಗಳು ಇದಕ್ಕೆ ಕೈಹಾಕಿವೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ್ದೇ ಇಂದಿನ ಹಾಪ್‌ಕಾಮ್ಸ್. ಹೈನುಗಾರಿಕೆಯ ಎನ್‌ಡಿಡಿಬಿಯೇ 1988ರಲ್ಲಿ ದೆಹಲಿಯಲ್ಲಿ ‘ಸಫಲ್’ ಹಣ್ಣು-ತರಕಾರಿ ಅಂಗಡಿ ತೆರೆಯಿತು.

ನಮ್ಮ ಮಟ್ಟಕ್ಕೆ ಬೇಕಾದದ್ದು ಒಂದೇ ಪುಸ್ತಕ. ಆರ್ಡರ್ ತೆಗೆದುಕೊಳ್ಳುವುದು ಹಿಂದಿನ ಸಂಜೆ, ಹಾಲು ಹಾಕಿ ಬಂದ ಮೇಲೆ. ಗಂಟೆ ನಿಗದಿಯಾಗಿರಲಿ, ಆಮೇಲೆ ಬಂದದ್ದು ಮುಂದಿನ ಸಲಕ್ಕೆ. ಯಾರ ಹೊಲದಲ್ಲಿ ಎಷ್ಟಿದೆ, ಎಷ್ಟು ಒಪ್ಪಿಕೊಂಡಿದ್ದೇವೆ ಎಂದು ಒಬ್ಬರೇ ಬರೆಯಬೇಕು. ಬೀನ್ಸ್ 10 ಕಿಲೋ ಇದ್ದರೆ 8ಕ್ಕೆ ಮಾತ್ರ ಒಪ್ಪಿಕೊಳ್ಳಿ. ಆರಿಸುವಾಗ ಎರಡು ಕಿಲೋ ಬಿದ್ದೇ ಹೋದೀತು. ಚೆಂದದ್ದು ಆರ್ಡರಿಗೆ, ಗಾತ್ರ ಏರುಪೇರಾದದ್ದು ಸಂತೆಗೆ. ಸಂತೆಯಲ್ಲಿ ಗಿರಾಕಿ ಕೈಯಾರೆ ಆರಿಸಿಕೊಳ್ಳುತ್ತಾರೆ. ಫೋನಿನ ಗಿರಾಕಿಗೆ ಕಣ್ಣೂ ಕೈಯೂ ನೀವೇ.

ಹಾಲಿನ ಅಭ್ಯಾಸ ಎಲ್ಲದಕ್ಕೂ ಹೊಂದುವುದಿಲ್ಲ. ಹಾಲನ್ನು ಕಾಯುವ ಆ ತಂಪಿನಲ್ಲಿ ಬದನೆ, ಬೆಂಡೆ, ಟೊಮೆಟೊ, ಸೌತೆ ದಿನಗಟ್ಟಲೆ ಇದ್ದರೆ ಕಲೆಗಟ್ಟಿ ಕೆಡುತ್ತವೆ. ಬೆಳಗಿನ ಜಾವ ಕಿತ್ತು, ನೆರಳಲ್ಲಿ ಗಾಳಿಯಾಡುವ ಕ್ರೇಟಿನಲ್ಲಿಟ್ಟರೆ ಅವಕ್ಕೆ ಸಾಕು. ಬೆಂಡೆ, ಬೀನ್ಸ್ ಒದ್ದೆಯಿದ್ದಾಗ ಕಟ್ಟಲೇಬೇಡಿ. ಸೊಪ್ಪಿಗೆ ಒದ್ದೆ ಬಟ್ಟೆ ಹೊದಿಸಬಹುದು.

ಬೆಲೆ ಹೇಳುವ ಮುನ್ನ ಆರಿಸಿ ಬಿದ್ದದ್ದು, ಚೀಲ, ಗಾಡಿ ಬಾಡಿಗೆ, ನಿಮ್ಮ ಕೂಲಿ ಎಲ್ಲ ಕೂಡಿಸಿ. ಕೂಲಿ ಬಿಟ್ಟು ಲೆಕ್ಕ ಹಾಕುವುದು ನಮ್ಮ ಹೆಣ್ಣುಮಕ್ಕಳ ಹಳೇ ಚಾಳಿ! ಐದಾರು ಮನೆಗೆಂದು ಗಾಡಿ ಹೊರಡಿಸಿದರೆ ಬಾಡಿಗೆಗೇ ಹಣ ಸಾಲದು. ಅದಕ್ಕೆ ಒಂದೇ ಬಡಾವಣೆಯ ಗಿರಾಕಿಗಳಿಂದ ಶುರುಮಾಡಿ, ವಾರಕ್ಕೆ ಒಂದೇ ದಿನ. ಆ ದಿನ ಸಂತೆಯ ಹಿಂದಿನ ದಿನವಾಗಿರಲಿ. ಉಳಿದ ಬುಟ್ಟಿ ಮರುದಿನ ಸಂತೆಯಲ್ಲಿ ಖಾಲಿಯಾದೀತು.